ಮೂವತ್ತೇಳು ಸೆಕೆಂಡಿನ ಮುಹೂರ್ತಭಂಗ

ಬೆಳ್ಳಾವಿಯಲ್ಲಿ ತ್ರೀ ಫೇಸ್ ಕರೆಂಟು ಬಂದಾಗ ಬಂತು, ಬಸ್ಸು ಕಂಡಾಗ ಉಂಟು. ಇಂಥ ಊರಿನ ನಡುಮನೆಯಲ್ಲಿ ಕೂತು, ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದೆರಡು ಪಾಲೂ ಆಚೀಚೆ ಆಗದಂತೆ ಪ್ಯಾಕೆಟ್ ಕಳಿಸುತ್ತೇನೆಂದು ಹೊರಟ ಮಹಾನುಭಾವ ನಾನು. ವರ್ಕ್ ಫ್ರಂ ಹೋಮ್ ಕೊಟ್ಟ ಧೈರ್ಯ.

ಕೆಲಸದ ಹೆಸರು ಟಿಎಸ್‌ಎನ್, ಟೈಮ್ ಸೆನ್ಸಿಟಿವ್ ನೆಟ್‌ವರ್ಕಿಂಗ್. ಮಾಮೂಲಿ ಈಥರ್ನೆಟ್ಟಿನಲ್ಲಿ ಮೊದಲು ನುಗ್ಗಿದ್ದು ಮೊದಲು ಹೋಗುತ್ತದೆ. ಮನೆಯಲ್ಲಿ ಸಿನಿಮಾ ನೋಡಲು ಅಷ್ಟು ಸಾಕು. ಕಾರ್ಖಾನೆಯಲ್ಲಿ ರೋಬೊ ತೋಳಿಗೆ ‘ನಿಲ್ಲು’ ಎನ್ನುವ ಸಂದೇಶ ಯಾರದೋ ವಿಡಿಯೊ ಹಿಂದೆ ಕ್ಯೂ ನಿಂತರೆ ಕೆಟ್ಟಿತು. ಅದಕ್ಕೇ ಐಇಇಇಯ ಆಡಿಯೊ ವಿಡಿಯೊ ತಂಡವೊಂದು 2012ರಲ್ಲಿ ಟಿಎಸ್‌ಎನ್ ಎಂದು ಹೆಸರು ಬದಲಿಸಿಕೊಂಡು ನಿಯಮಗಳ ಸರಮಾಲೆಯನ್ನೇ ಕಟ್ಟಿತು. ಎಲ್ಲ ಯಂತ್ರಗಳ ಗಡಿಯಾರ ಒಂದಾಗಬೇಕು. ಆಮೇಲೆ ಮದುವೆ ಮನೆಯ ಹಾಗೆ ಒಂದೊಂದು ಪ್ಯಾಕೆಟ್ಟಿಗೂ ಮುಹೂರ್ತ.

“ಏನ್ಲಾ, ಬೆಳಗಿಂದ ಆ ಡಬ್ಬ ಬಿಚ್ಕಂಡ್ ಕುಂತಿದ್ದೀಯ?” ಅಂದಳು ಅಮ್ಮ.

“ಪ್ಯಾಕೆಟ್ಟು ಟೈಮಿಗ್ ಸರ್ಯಾಗಿ ಓಗಂಗೆ ಮಾಡ್ತಿವ್ನಿ ಕಣಮ್ಮ.”

“ಆಲಿನ್ ಪ್ಯಾಕೆಟ್ಟಾ?”

ನಮ್ಮೂರ ಹೆಸರನ್ನೇ ಹೊತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಲೇ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ತಂದು, ಕನ್ನಡಿಗರಿಗೆಲ್ಲ ಕನ್ನಡದಲ್ಲೇ ವಿಜ್ಞಾನ ತಿಳಿಸಿದವರು. ನನಗೆ ಹೆತ್ತವಳೊಬ್ಬಳಿಗೆ ತಿಳಿಸಲಾಗಲಿಲ್ಲ. ‘ಹೂಂ, ಹಾಲಿಂದೇ’ ಅಂದುಬಿಟ್ಟೆ.

ನೆಟ್‌ವರ್ಕ್ ಕಾರ್ಡೇನೋ ಒಳ್ಳೆಯದೇ, ಇಂಟೆಲ್ ಐ210. ಅದಕ್ಕೆ ಬೇಕಾದ ‘ಐಜಿಬಿ’ ಡ್ರೈವರ್ ಲಿನಕ್ಸ್ ಒಳಗೇ ಇದೆ, ಚೆನ್ನಾಗಿ ನಡೆಯುತ್ತಲೂ ಇತ್ತು. ನಡೆಯುವುದನ್ನು ಹಾಗೇ ಬಿಟ್ಟರೆ ಎಂಜಿನಿಯರ್ ಯಾಕಾಗಬೇಕು? ಹೊಸ ಆವೃತ್ತಿ ಹಾಕೋಣವೆಂದು ಹಳೆಯದನ್ನು ಇಳಿಸಿದೆ. ಇಂಟರ್ನೆಟ್ ಹೋಯಿತು. ಹೊಸ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಮೊಬೈಲನ್ನು ವೈರಿನಲ್ಲಿ ಸಿಕ್ಕಿಸಿ, ಸಿಗ್ನಲ್ ಸಿಗುವ ಕಿಟಕಿ ಹತ್ತಿರಕ್ಕೆ ಕಂಪ್ಯೂಟರನ್ನೇ ಹೊತ್ತೊಯ್ದು ಅಂತೂ ತಂದೆ. ಕಂಪೈಲೂ ಆಯಿತು. ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲವೆಂದು ಸೆಕ್ಯೂರ್ ಬೂಟ್ ಬಾಗಿಲು ಹಾಕಿಕೊಂಡಿತು. ಕೊನೆಗೆ ಹಳೆಯ ಐಜಿಬಿಯನ್ನೇ ಕರೆದು ಕೂರಿಸಿದೆ. ಅದು ಏನೂ ಆಗಿಲ್ಲವೆಂಬಂತೆ ಕೆಲಸಕ್ಕಿಳಿಯಿತು. ಮರ್ಯಾದಸ್ಥ ಡ್ರೈವರ್.

ಮುಂದೆ ಗಡಿಯಾರಗಳನ್ನು ಒಂದಾಗಿಸುವ ‘ಪಿಟಿಪಿ4ಎಲ್’ ಓಡಿಸಿದೆ. ಈ ತುದಿಯ, ಆ ತುದಿಯ ಎರಡು ಕಾರ್ಡುಗಳ ಗಡಿಯಾರದ ಅಂತರ ಇಳಿದಿಳಿದು ನ್ಯಾನೊಸೆಕೆಂಡುಗಳಿಗೆ ಬಂದು ನಿಂತಾಗ ಕಾಲರ್ ಸರಿಮಾಡಿಕೊಂಡು ಪ್ಯಾಕೆಟ್ ಬಿಟ್ಟೆ. ಆ ತುದಿಗೆ ಒಂದೂ ಬರಲಿಲ್ಲ. ಕೇಬಲ್ ಬದಲಿಸಿದೆ, ಕಾರ್ಡ್ ಕಿತ್ತು ಮತ್ತೆ ಹಾಕಿದೆ, ಇಲಿ ಕಡಿದಿರಬಹುದೆಂದು ಟಾರ್ಚ್ ಬಿಟ್ಟೂ ನೋಡಿದೆ.

ಇಲಿ ನಿರಪರಾಧಿ. ಪ್ಯಾಕೆಟ್ ಬಿಡುವ ‘ಇಟಿಎಫ್’ ನೋಡುವುದು ಪರಮಾಣು ಸಮಯ, ಟಿಎಐ. ನನ್ನ ಪ್ರೋಗ್ರಾಮು ಮುಹೂರ್ತ ಇಟ್ಟಿದ್ದು ಲೋಕರೂಢಿಯ ಯುಟಿಸಿಯಲ್ಲಿ. ಭೂಮಿ ತಿರುಗುವ ಸೋಮಾರಿತನಕ್ಕೆ ಹೊಂದಿಸಲು ಯುಟಿಸಿಗೆ ಆಗಾಗ ಅಧಿಕ ಸೆಕೆಂಡು ಸೇರಿಸುತ್ತ ಬಂದು, 2017ರಿಂದ ಅದು ಟಿಎಐಗಿಂತ 37 ಸೆಕೆಂಡು ಹಿಂದಿದೆ. ಹಾಗಾಗಿ ನನ್ನ ಪ್ರತಿ ಪ್ಯಾಕೆಟ್ಟೂ ಹುಟ್ಟುವಾಗಲೇ ಮುಹೂರ್ತ ಮೀರಿತ್ತು. ಮೀರಿದ್ದನ್ನು ಇಟಿಎಫ್ ಕಾಯಿಸುವುದಿಲ್ಲ, ಎಸೆಯುತ್ತದೆ.

ಅಮ್ಮನಿಗೆ ಹೇಳಿದೆ. “ಮೂವತ್ತೇಳ್ ಸೆಕೆಂಡ್ಗೆಲ್ಲಾ ಎಸ್ದುಬುಡ್ತದಾ? ಅರ್ಧ ಗಂಟೆ ಲೇಟಾದ್ರೂ ನಮ್ ಬಸ್ನೋನು ಅತ್ತುಸ್ಕಂತಾನೆ. ಅವ್ನೇ ವಾಸಿ” ಅಂದಳು.

ಪ್ರೋಗ್ರಾಮಿನಲ್ಲಿ ಗಡಿಯಾರದ ಹೆಸರೊಂದನ್ನು ಟಿಎಐಗೆ ಬದಲಿಸಿದೆ, ಪ್ಯಾಕೆಟ್‌ಗಳು ಸಾಲಾಗಿ ಬಂದವು. ನೀವೂ ಈ ಕೆಲಸಕ್ಕೆ ಕೈಹಾಕುವವರಾದರೆ ಮೊದಲು ‘ಈಥ್‌ಟೂಲ್’ ಕಮಾಂಡ್ ಹೊಡೆದು, ಕಾರ್ಡಿಗೆ ಸ್ವಂತ ಪಿಟಿಪಿ ಗಡಿಯಾರ ಇದೆಯೇ ನೋಡಿ. ಇದ್ದರೆ ಟಿಎಐ ಲೆಕ್ಕದಲ್ಲೇ ಸಮಯ ಕೊಡಿ. ಚೆನ್ನಾಗಿ ನಡೆಯುತ್ತಿರುವ ಡ್ರೈವರನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.