ನೂರಕ್ಕೆ ನೂರು!

(ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು. ಒಂದೇ ಸೀಟಿನಲ್ಲಿ ಮೇಷ್ಟ್ರು, ಗೌಡ್ರು.)

ಗೌಡ್ರು: ಮೇಷ್ಟ್ರೇ, ಐದನೇ ಕ್ಲಾಸಿನ ರಿಸಲ್ಟ್ ಹೆಂಗೈತೆ?

ಮೇಷ್ಟ್ರು: ನೂರಕ್ಕೆ ನೂರು ಗೌಡ್ರೇ!

ಗೌಡ್ರು: ಭೇಷ್! ಮಕ್ಕಳೆಷ್ಟು?

ಮೇಷ್ಟ್ರು: ಒಬ್ಳು.

ಗೌಡ್ರು: ಅವಳಿಗೆ ಜ್ವರ ಬಂದ್ರೆ?

ಮೇಷ್ಟ್ರು: ಇಡೀ ಕ್ಲಾಸೇ ಗೈರುಹಾಜರಿ.

ಗೌಡ್ರು: 2024ರಲ್ಲಿ ಐದಕ್ಕೂ ಬೋರ್ಡ್ ಪರೀಕ್ಷೆ ಅಂದ್ರಲ್ಲ, ಏನಾಯ್ತು?

ಮೇಷ್ಟ್ರು: ಮಕ್ಕಳು ಬರೆದ್ರು. ಫಲಿತಾಂಶಕ್ಕೆ ಸುಪ್ರೀಂ ಕೋರ್ಟು ತಡೆ ಕೊಡ್ತು.

ಗೌಡ್ರು: ಅಬ್ಬಾ! ಹತ್ತು ವರ್ಷಕ್ಕೇ ದಿಲ್ಲಿ ತನಕ ಹೆಸರು! ಅಂದಂಗೆ, ನಲಿ-ಕಲಿ ಹೆಂಗೆ ನಡೀತೈತೆ?

ಮೇಷ್ಟ್ರು: ಒಂದು, ಎರಡು, ಮೂರು ಎಲ್ಲಾ ಒಂದೇ ಕೋಣೆ.

ಗೌಡ್ರು: ಪಾಸಾದ್ರೆ ಚಾಪೆ ಸರಿಸ್ಕೊಂಡ್ರಾಯ್ತು! ಮೇಷ್ಟ್ರುಗಳ ಕೊರತೆ?

ಮೇಷ್ಟ್ರು: ಛೆ, ಇಲ್ಲ. ಆರ್‌ಟಿಇ ಲೆಕ್ಕದಲ್ಲಿ 60 ಮಕ್ಕಳ ತನಕ ಇಬ್ರು. ಇಬ್ರೂ ಇದೀವಿ. ಮಕ್ಕಳ ಹುದ್ದೆನೇ ಖಾಲಿ.

ಗೌಡ್ರು: ಊರಲ್ಲಿ ಹುಡುಗ್ರೇ ಇಲ್ವಾ?

ಮೇಷ್ಟ್ರು: ಇದಾರೆ. ಬೆಳಿಗ್ಗೇನೇ ಕಾನ್ವೆಂಟ್ ವ್ಯಾನು ತುಂಬ್ಕೊಂಡು ಹೋಗುತ್ತೆ. ನಿಮ್ಮ ಮೊಮ್ಮಗ?

ಗೌಡ್ರು: ಅದೇ ವ್ಯಾನಲ್ಲಿ, ಮುಂದಿನ ಸೀಟು. ನಿಮ್ಮ ಮಗಳು?

ಮೇಷ್ಟ್ರು: ಅವನ ಪಕ್ಕದಲ್ಲೇ.

ಕಂಡಕ್ಟರ್: ಟಿಕೆಟ್, ಟಿಕೆಟ್! ಎಲ್ಲಿಗ್ರೀ ಯಜಮಾನ್ರೇ?

ಗೌಡ್ರು: ಎರಡು ಸೊರಬ ಕೊಡಪ್ಪ. ಸರ್ಕಾರಿ ಶಾಲೆ ಉಳಿಸೋ ಸಭೆ ಐತೆ, ಇಬ್ರೂ ಭಾಷಣಕಾರ್ರು!