ಅರ್ಧ ಮುಖದ ಬಳಕೆದಾರರ ಕೈಪಿಡಿ

ಮೊದಲ ಹಂತ. ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿ. ನೀರು ಬಚ್ಚಲಿಗೆ ಬೀಳದೆ ತುಟಿಯ ಮೂಲೆಯಿಂದ ಬನಿಯನ್ನಿಗೆ ಇಳಿದರೆ ಕನ್ನಡಿ ನೋಡಿಕೊಳ್ಳಿ. ಬಾಯಿ ಸೊಟ್ಟಗಾಗಿದೆಯೆ? ಒಂದು ಕಣ್ಣು ಮುಚ್ಚುತ್ತಿಲ್ಲವೆ? ಇನ್ನೂ ನಂಬಿಕೆ ಬಾರದಿದ್ದರೆ 'ಅಪ್ಪಾ' ಎಂದು ನೋಡಿ. ಪ, ಫ, ಬ, ಭ ಎಲ್ಲ ಒಂದು ಕಡೆಯಿಂದ ಗಾಳಿಯಾಗಿ ಸೋರುತ್ತವೆ.

ಈಗ ಹುಬ್ಬೇರಿಸಿ. ನಿತ್ರಾಣವಾದ ಕಡೆ ಹಣೆಯಲ್ಲೂ ಗೆರೆ ಮೂಡದಿದ್ದರೆ ಬಹುಮಟ್ಟಿಗೆ ಅದು ಮುಖದ ನರದ ತಕರಾರು. ಹಣೆ ಸುಕ್ಕುಗಟ್ಟಿ ಬಾಯಿ ಮಾತ್ರ ಜೋತರೆ, ಕೈಕಾಲು ಸೋತರೆ, ಮಾತು ತಡವರಿಸಿದರೆ ಮೆದುಳಿನ ಲಕ್ವ ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಹಣೆ ನೋಡಿ ತೀರ್ಪು ಕೊಡುವ ಕೆಲಸ ಮಾತ್ರ ವೈದ್ಯರದು. ಯಾವುದೇ ಆದರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಯಂತ್ರದ ವಿವರ: ಮುಖದ ನರ, ಅಂದರೆ ಏಳನೆಯ ಕಪಾಲ ನರ, ಕಿವಿಯ ಬಳಿ ಎಲುಬಿನೊಳಗಿನ ಕಿರಿದಾದ ಕೊಳವೆಯಲ್ಲಿ ಹಾದು ಬರುತ್ತದೆ. ಬೆರಳು ಊದಿದಾಗ ಉಂಗುರ ಹಿಂಡುವ ಹಾಗೆ, ನರ ಊದಿದರೆ ಕೊಳವೆ ಹಿಂಡುತ್ತದೆ. ಈ ನರದ ಕೆಲಸವನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ವಿವರಿಸಿದ್ದರಿಂದ ಈ ಕಾಯಿಲೆಗೆ ಬೆಲ್ಸ್ ಪಾಲ್ಸಿ ಎಂಬ ಹೆಸರು. ಅದೇ ನರ ನಾಲಿಗೆಯ ಮುಂಭಾಗದ ರುಚಿಯನ್ನೂ ಹೊರುತ್ತದೆ, ಕಿವಿಗೆ ಬೀಳುವ ಸದ್ದನ್ನೂ ತಗ್ಗಿಸುತ್ತದೆ. ನನಗೆ ಸಾರು ಅರ್ಧ ನಾಲಿಗೆಗೆ ಸಪ್ಪೆ, ಕುಕ್ಕರಿನ ಸೀಟಿ ಒಂದೇ ಕಿವಿಗೆ ಸಿಡಿಲು.

ಎಚ್ಚರಿಕೆ: ಅಷ್ಟರಲ್ಲಿ ಸೋದರತ್ತೆ ಬರುತ್ತಾರೆ. "ರಾತ್ರಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ಯಲ್ಲೋ, ಗಾಳಿ ಹೊಡೆದಿದೆ" ಎಂದು ರೋಗ ಪತ್ತೆ ಮಾಡಿ, ಯಾವುದೋ ಊರಿನ ಸೊಪ್ಪಿನ ರಸಕ್ಕೆ ಭಾನುವಾರ ಹೋಗೋಣ ಎನ್ನುತ್ತಾರೆ. ಸ್ಟೀರಾಯ್ಡ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 72 ಗಂಟೆಯೊಳಗೆ ಶುರುವಾದರೆ. ಭಾನುವಾರ ಅಷ್ಟು ಬೇಗ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಆ ಮಾತ್ರೆ ಸಕ್ಕರೆ ಏರಿಸುತ್ತದೆ.

ನಿರ್ವಹಣೆಯೆಂದರೆ ಮುಖ್ಯವಾಗಿ ಕಣ್ಣು. ರೆಪ್ಪೆ ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಗೆ ಗಾಯವಾಗುತ್ತದೆ. ಹಗಲು ಹನಿ ಬಿಟ್ಟುಕೊಳ್ಳಿ, ಹೊರಗೆ ಕನ್ನಡಕ ಹಾಕಿ, ರಾತ್ರಿ ಮುಲಾಮು ಹಚ್ಚಿ ಬೆರಳಲ್ಲಿ ರೆಪ್ಪೆ ಇಳಿಸಿ ಮೆತ್ತನೆ ಟೇಪು ಅಂಟಿಸಿ. ಹುಬ್ಬಿನ ಮೇಲೆ ಅಂಟಿಸಬೇಡಿ. ಬೆಳಗ್ಗೆ ಟೇಪಿನ ಜೊತೆ ನನ್ನ ಅರ್ಧ ಹುಬ್ಬೂ ಬಂತು.

ಗ್ಯಾರಂಟಿ: ಬಹುಪಾಲು ಮಂದಿಗೆ ಕೆಲವು ವಾರಗಳಲ್ಲೇ ಮುಖ ಮಿಸುಕಲು ಶುರುವಾಗುತ್ತದೆ, ಪೂರ್ತಿ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಮೂರು ವಾರ ಕಳೆದರೂ ಏನೂ ಅಲುಗದಿದ್ದರೆ ಮತ್ತೆ ತೋರಿಸಿ. ನರರೋಗ ತಜ್ಞರಿಗೆ, ಸೋದರತ್ತೆಗಲ್ಲ.