ದೊಡ್ಡವರನ್ನ ಯಾರನ್ನೂ ಪೂರ್ತಿ ತಿಂದವನಲ್ಲ ಸ್ವಾಮಿ!

ಹವಾಯಿ ದ್ವೀಪಗಳ ಹತ್ತಿರದ ಕಡಲು, ನಡುರಾತ್ರಿ. ಕುಕೀಕಟರ್ ಶಾರ್ಕ್ ಸಾಹೇಬರು ಸಿಗುವುದೇ ಈ ಹೊತ್ತಿಗೆ. ಹಗಲೆಲ್ಲ ಅವರ ವಾಸ 1,000 ಮೀಟರಿಗೂ ಕೆಳಗೆ. ಅಷ್ಟು ಹೆಸರು ಮಾಡಿದವರ ಉದ್ದ ಅರ್ಧ ಮೀಟರಿನ ಆಸುಪಾಸು ಅಷ್ಟೇ. ಆಕಾರ ಥೇಟ್ ಚುಟ್ಟ.

ಪ್ರಶ್ನೆ: ತಿಮಿಂಗಿಲ, ಡಾಲ್ಫಿನ್, ಟ್ಯೂನಾ, ಎಲ್ಲರ ಮೈಮೇಲೂ ತಮ್ಮ ಗುಂಡನೆಯ ಗಾಯ. ಇದೆಂಥ ಹಸಿವು?

ಶಾರ್ಕ್: ಹಸಿವು ಅನ್ನಬೇಡಿ, ಕಮಿಷನ್ ಅನ್ನಿ. ಒಬ್ಬೊಬ್ಬರಿಂದ ಒಂದೊಂದು ತುತ್ತು. ಕೊಟ್ಟವರೂ ಬದುಕಿರ್ತಾರೆ, ನಮಗೂ ನಡೆಯುತ್ತೆ.

ಪ್ರಶ್ನೆ: ವಸೂಲಿ ಹೇಗೆ?

ಶಾರ್ಕ್: ಮೊದಲು ದಪ್ಪ ತುಟಿ ಒತ್ತಿ ಅಂಟಿಕೊಳ್ಳೋದು. ನಾಲಗೆ ಹಿಂದಕ್ಕೆಳೆದರೆ ಬಾಯೊಳಗಿನ ಒತ್ತಡ ಇಳಿಯುತ್ತೆ, ಬಿಗಿ ಹಿಡಿತ. ಮೇಲಿನ ಸಣ್ಣ ಹಲ್ಲು ಹಿಡಿದಿರುತ್ತೆ, ಕೆಳಗಿನದು ಗರಗಸ. ಮೈ ತಿರುಚಿದರೆ ಮಾಂಸದ ಬಿಲ್ಲೆ ಕಳಚಿ ಬರುತ್ತೆ. 1971ರಲ್ಲಿ ಜೋನ್ಸ್ ಅನ್ನೋ ವಿಜ್ಞಾನಿ ನನ್ನ ಹೆಸರು ಬರೆಯೋತನಕ ಈ ಗಾಯಗಳನ್ನ ಬ್ಯಾಕ್ಟೀರಿಯಾ, ಪರಾವಲಂಬಿಗಳ ತಲೆಗೆ ಕಟ್ಟಿದ್ದರು. ನಾನು ತಿದ್ದಲಿಲ್ಲ.

ಪ್ರಶ್ನೆ: ತಮ್ಮ ಹೊಟ್ಟೆಯೆಲ್ಲ ಹಸಿರಾಗಿ ಹೊಳೆಯುತ್ತಿದೆಯಲ್ಲ. ಕದಿಯುವವರಿಗೆ ದೀಪ ಯಾಕೆ?

ಶಾರ್ಕ್: ಅಡಗೋದಕ್ಕೇ! ಮೇಲಿಂದ ಮಂದ ಬೆಳಕು ಇಳಿಯುವಾಗ ಕೆಳಗಿನವರಿಗೆ ನನ್ನ ನೆರಳು ಕಾಣಬಾರದಲ್ಲ. ಹೊಟ್ಟೆಯ ಚರ್ಮದ ತುಂಬ ಬೆಳಕಿನ ಸಣ್ಣ ಸಣ್ಣ ಅಂಗಗಳಿವೆ. ಅವು ಬೆಳಗಿದರೆ ನಾನು ಇಲ್ಲವೇ ಇಲ್ಲ.

ಪ್ರಶ್ನೆ: ಮತ್ತೆ ಗಂಟಲ ಸುತ್ತ ಒಂದು ಕಪ್ಪು ಪಟ್ಟಿ ಬಿಟ್ಟಿದ್ದೀರಿ?

ಶಾರ್ಕ್ (ತುಸು ತಡೆದು): ಅದು... ಡಿಸೈನು. ಆ ಜಾಗ ಮಾತ್ರ ಕತ್ತಲಿದ್ದರೆ ಕೆಳಗಿನ ಟ್ಯೂನಾಕ್ಕೆ ಪುಟ್ಟ ಮೀನು ಈಜುವ ಹಾಗೆ ಕಾಣುತ್ತೆ, ತಿನ್ನಲು ಬಂದದ್ದೇ ತುತ್ತು ಕೊಟ್ಟು ಹೋಗುತ್ತೆ ಅಂತ 1998ರಲ್ಲಿ ಎಡಿತ್ ವಿಡ್ಡರ್ ಎಂಬ ವಿಜ್ಞಾನಿ ಊಹಿಸಿದರು. ಊಹೆ, ಸ್ವಾಮಿ. ನಾನು ಒಪ್ಪಿಕೊಂಡೆ ಅಂತ ಬರೀಬೇಡಿ.

(ಒಪ್ಪಲಿಲ್ಲ ಅಂತಲೂ ಹೇಳಲಿಲ್ಲ.)

ಪ್ರಶ್ನೆ: ಹಲ್ಲು ಸವೆಯುವುದಿಲ್ಲವೆ?

ಶಾರ್ಕ್: ಬಹುತೇಕ ಶಾರ್ಕುಗಳು ಒಂದೊಂದೇ ಹಲ್ಲು ಉದುರಿಸಿಕೊಳ್ತಾ ಹೋಗ್ತಾರೆ, ದುಂದು. ನನ್ನ ಕೆಳದವಡೆಯ ಹಲ್ಲುಗಳು ಬುಡದಲ್ಲಿ ಒಂದಕ್ಕೊಂದು ಸೇರಿಕೊಂಡಿವೆ, ಇಡೀ ಸಾಲು ಒಟ್ಟಿಗೇ ಬೀಳುತ್ತೆ. ಬಿದ್ದದ್ದನ್ನ ನುಂಗಿಬಿಡ್ತೀನಿ. ಕ್ಯಾಲ್ಸಿಯಂ ಮನೆಗೇ ವಾಪಸ್ಸು, ಸಾಕ್ಷಿಯೂ ಉಳಿಯಲ್ಲ.

ಪ್ರಶ್ನೆ: ಅಮೆರಿಕದ ನೌಕಾಪಡೆಯನ್ನೂ ಬಿಡಲಿಲ್ಲವಂತೆ?

ಶಾರ್ಕ್: 1970ರ ದಶಕದ ಮಾತು. ಜಲಾಂತರ್ಗಾಮಿಯ ಸೋನಾರ್ ಗುಮ್ಮಟಕ್ಕೆ ರಬ್ಬರಿನ ಹೊದಿಕೆ ಹಾಕಿದ್ದರು. ಮೆತ್ತಗಿತ್ತು, ಬಾಯಿ ಹಾಕಿದೆ. ಒಳಗಿನ ಎಣ್ಣೆ ಸೋರಿತು, ಶತ್ರುವಿನ ಹೊಸ ಅಸ್ತ್ರವೇ ಇರಬೇಕು ಅಂತ ಗುಮಾನಿಯೂ ಹುಟ್ಟಿತಂತೆ! ಕೊನೆಗೆ ಫೈಬರ್‌ಗ್ಲಾಸ್ ಮುಚ್ಚಿದರು. ಅಂಗೈ ಉದ್ದದ ಬಾಯಿಲ್ಲದವನಿಗೆ ಇದಕ್ಕಿಂತ ಮರ್ಯಾದೆ ಬೇಕೆ?

ಪ್ರಶ್ನೆ: ಮನುಷ್ಯರನ್ನು?

ಶಾರ್ಕ್: 2009ರಲ್ಲಿ ಇಲ್ಲೇ ಹವಾಯಿಯ ಜಲಸಂಧಿಯಲ್ಲಿ ಒಬ್ಬ ಈಜುಗಾರ ರಾತ್ರಿ ಈಜುತ್ತಿದ್ದ. ಕಚೇರಿ ವೇಳೆಯಲ್ಲಿ ತಾವಾಗೇ ಕೌಂಟರಿಗೆ ಬಂದವರನ್ನ ಬರಿಗೈಲಿ ಕಳಿಸಿದರೆ ನಮ್ಮ ಇಲಾಖೆಗೆ ಬೆಲೆ ಇರುತ್ತಾ?